ಅಂಟು ಬೇರೆ, ರಾಳ ಬೇರೆ: ಬೆಸುಗೆಯ ಒಂದು ಪಾಠ

ಅಣ್ಣಿಗೇರಿಯ ಸುತ್ತಲಿನ ಎರೆ ಹೊಲಗಳಲ್ಲಿ ಹಿಂಗಾರಿನ ಕಡಲೆ ಕಾಯಿ ಕಟ್ಟುವ ಕಾಲ. ರಾತ್ರಿ ಹೊಲ ಕಾಯಲು ಹೋಗುವವರ ಕೈಯಲ್ಲಿ ಬ್ಯಾಟರಿ ಇರಲೇಬೇಕು. ಬದುವಿನ ದಾರಿಯಲ್ಲಿ ಹುಳಹುಪ್ಪಡಿಗಳ ಭಯ. ಏಳನೆಯ ತರಗತಿಯ ಒಬ್ಬ ಹುಡುಗಿಯ ಅಪ್ಪ ಹೀಗೆ ಹೋಗುತ್ತಿದ್ದಾಗ ಅರ್ಧ ದಾರಿಯಲ್ಲೇ ಬ್ಯಾಟರಿ ಆರಿಹೋಯಿತು. ಬೆಳಿಗ್ಗೆ ಅವಳು ಅದನ್ನು ಬಿಚ್ಚಿ ನೋಡಿದಳು. ಒಳಗೆ ಕೆಂಪು ತಂತಿಯೊಂದು ಕಳಚಿಕೊಂಡಿತ್ತು. ಅದನ್ನು ತಿರುಚಿ ಸುತ್ತಿದಳು. ದೀಪ ಹತ್ತಿತು. ಆದರೆ ಎರಡು ರಾತ್ರಿ ಕಳೆಯುವುದರೊಳಗೆ ಮತ್ತೆ ಆರಿತು. ಅಪ್ಪ ಕತ್ತಲಲ್ಲೇ ತಡವರಿಸುತ್ತ ಮನೆಗೆ ಬಂದರು.

ಮರುದಿನ ಅವಳು ಬ್ಯಾಟರಿಯನ್ನು ರೇಡಿಯೊ ರಿಪೇರಿ ಅಂಗಡಿಗೆ ಒಯ್ದಳು. ಅಂಗಡಿಯವರು ತಂತಿಯ ತುದಿಯನ್ನು ಕೆರೆದರು. ಕಾದ ಸೋಲ್ಡರಿಂಗ್ ಐರನ್ನಿನ ಮೊನೆಯನ್ನು ಡಬ್ಬಿಯ ಮುಚ್ಚಳದಲ್ಲಿದ್ದ ಹಳದಿ ಗಟ್ಟಿಯೊಂದಕ್ಕೆ ಮುಟ್ಟಿಸಿದರು. ಭುಸ್ಸೆಂದು ಹೊಗೆ ಎದ್ದಿತು. ಗುಡಿಯ ಧೂಪದಂಥ ವಾಸನೆ ಬಂತು. ಅವರು ಕೆಮ್ಮುತ್ತಲೇ ತಂತಿಗೆ ಬೆಸುಗೆ ಹಾಕಿದರು. ಬೆಳ್ಳಿಯಂತೆ ಹೊಳೆಯುವ ಹನಿ ತಂತಿಯ ಮೇಲೆ ಹರಡಿ ಗಟ್ಟಿಯಾಯಿತು.

“ಕಾಕಾ, ಆ ಬೆಲ್ಲದಂಥದ್ದು ಏನ್ರಿ?”

“ಇದು ರಾಳ ತಂಗಿ. ಗಿಡದಿಂದ ಬರತೈತಿ. ಇದಿಲ್ಲದಿದ್ರ ಬೆಸುಗಿ ಹತ್ತೂದಿಲ್ಲ.”

“ಗಿಡದ್ದಾ? ನಮ್ಮ ಹೊಲದ ಬದುವಿನ ಜಾಲಿ ಗಿಡದಾಗ ಬೇಕಾದಷ್ಟು ಐತ್ರಿ!”

ಮರುದಿನ ಅವಳು ಒಂದು ಮುಷ್ಟಿ ಜಾಲಿಯ ಅಂಟು ತಂದಳು. ಅಂಗಡಿಯವರು ನಗಲಿಲ್ಲ. “ಹಚ್ಚೇ ನೋಡೂಣು” ಎಂದರು. ಅಂಟು ಕರಗಲಿಲ್ಲ. ಚುರ್ ಎಂದಿತು, ಕಂದಾಯಿತು, ಕಪ್ಪಗೆ ಸುಟ್ಟುಹೋಯಿತು. ಬೆಸುಗೆಯ ಹನಿ ಗುಂಡಗಾಗಿ ತಂತಿಯಿಂದ ಜಾರಿ ಬಿದ್ದಿತು.

ಮಕ್ಕಳೇ, ಎರಡೂ ಮರದಿಂದ ಬಂದವು. ಎರಡೂ ಹಳದಿ ಬಣ್ಣದವು, ಎರಡೂ ಹೊಳೆಯುತ್ತವೆ. ಆದರೂ ಒಂದು ಕೆಲಸ ಮಾಡಿತು, ಇನ್ನೊಂದು ಸುಟ್ಟುಹೋಯಿತು. ಏಕೆ? ಬನ್ನಿ, ಒಂದೊಂದಾಗಿ ತಿಳಿಯೋಣ.

ಬೆಸುಗೆ ಎಂದರೇನು?

ಎರಡು ಲೋಹದ ತುಂಡುಗಳನ್ನು, ಅವುಗಳಿಗಿಂತ ಬೇಗ ಕರಗುವ ಇನ್ನೊಂದು ಲೋಹದಿಂದ ಕೂಡಿಸುವುದೇ ಬೆಸುಗೆ. ರೇಡಿಯೊ, ಬ್ಯಾಟರಿಗಳ ರಿಪೇರಿಯಲ್ಲಿ ಬಹುಕಾಲದಿಂದ ಬಳಸುತ್ತಿರುವ ಬೆಸುಗೆ ತಂತಿ ತವರ ಮತ್ತು ಸೀಸಗಳ ಮಿಶ್ರಣ. ಅಂಗಡಿಗಳಲ್ಲಿ ಇದನ್ನು ‘ಲೆಡ್’ ಎಂದೇ ಕರೆಯುತ್ತಾರೆ. ಇದರಲ್ಲಿ ಸಾಮಾನ್ಯವಾಗಿ ಶೇ. 60 ತವರ, ಶೇ. 40 ಸೀಸ ಇರುತ್ತವೆ.

ಇಲ್ಲೊಂದು ಸೋಜಿಗವಿದೆ. ಶುದ್ಧ ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಶುದ್ಧ ಸೀಸಕ್ಕೆ 327 ಡಿಗ್ರಿ ಬೇಕು. ಆದರೆ ಇವೆರಡನ್ನೂ ಬೆರೆಸಿದ ಬೆಸುಗೆ ತಂತಿ 183 ಡಿಗ್ರಿಗೇ ಕರಗತೊಡಗುತ್ತದೆ! ತಾಮ್ರ ಕರಗುವುದು 1,085 ಡಿಗ್ರಿಯಲ್ಲಿ. ಆದ್ದರಿಂದ ತಾಮ್ರದ ತಂತಿ ಕರಗುವುದಿಲ್ಲ. ಬೆಸುಗೆ ಮಾತ್ರ ಕರಗಿ ಅದರ ಮೇಲೆ ಹರಡುತ್ತದೆ.

ಹರಡುತ್ತದೆ ಎಂದೆವು. ಆದರೆ ಯಾವಾಗಲೂ ಹರಡುವುದಿಲ್ಲ. ಕೆಸುವಿನ ಎಲೆಯ ಮೇಲೆ ನೀರಿನ ಹನಿ ಹೇಗೆ ಮುತ್ತಿನಂತೆ ಉರುಳಾಡುತ್ತದೆಂದು ನೋಡಿದ್ದೀರಲ್ಲ? ಎಲೆ ಒದ್ದೆಯಾಗುವುದೇ ಇಲ್ಲ. ಮಾಸಿದ ತಾಮ್ರದ ಮೇಲೆ ಬೆಸುಗೆಯ ಹನಿಯೂ ಹಾಗೆಯೇ ಉರುಳುತ್ತದೆ. ಬೆಸುಗೆ ಹತ್ತಬೇಕಾದರೆ ಅದು ಲೋಹವನ್ನು ‘ಒದ್ದೆ’ ಮಾಡಬೇಕು.

ಅಡ್ಡಿ ಮಾಡುವವರು ಯಾರು?

ಹೊಸ ತಾಮ್ರದ ತಂತಿ ಕೆಂಪಗೆ ಹೊಳೆಯುತ್ತದೆ. ದಿನ ಕಳೆದಂತೆ ಕಂದಾಗುತ್ತದೆ. ಗಾಳಿಯಲ್ಲಿರುವ ಆಮ್ಲಜನಕ ತಾಮ್ರದೊಂದಿಗೆ ಸೇರಿ ತಾಮ್ರದ ಆಕ್ಸೈಡ್ ಎಂಬ ತೆಳುವಾದ ಪದರ ಉಂಟಾಗುತ್ತದೆ. ತಂತಿಯನ್ನು ಬಿಸಿ ಮಾಡಿದರೆ ಈ ಪದರ ಇನ್ನೂ ಬೇಗ ಬೆಳೆದು ಕಪ್ಪಾಗುತ್ತದೆ. ಕರಗಿದ ಬೆಸುಗೆ ತಾಮ್ರಕ್ಕೆ ಅಂಟುತ್ತದೆ, ಆದರೆ ತಾಮ್ರದ ಆಕ್ಸೈಡಿಗೆ ಅಂಟುವುದಿಲ್ಲ.

ಹುಡುಗಿ ತಂತಿಯನ್ನು ಬರೀ ತಿರುಚಿ ಸುತ್ತಿದಾಗ ಏನಾಯಿತು ಎಂದು ಈಗ ಹೇಳಬಲ್ಲಿರಾ? ತಂತಿ ಅಲುಗಾಡಿ ಸಡಿಲವಾಯಿತು. ಮೈಮೇಲೆ ಆಕ್ಸೈಡ್ ಬೆಳೆದರೆ ವಿದ್ಯುತ್ತಿಗೂ ಅಡ್ಡಿ. ಹೀಗಾಗಿ ದೀಪ ಆರಿತು.

ಅಜ್ಜಿಯ ಹುಣಸೆಹಣ್ಣು

ಮನೆಯಲ್ಲಿ ತಾಮ್ರದ ಕೊಡ, ತಂಬಿಗೆಗಳನ್ನು ಅಜ್ಜಿ ಯಾವುದರಿಂದ ತಿಕ್ಕುತ್ತಾರೆ? ಹುಣಸೆಹಣ್ಣಿನಿಂದ ತಾನೆ? ಹುಣಸೆಹಣ್ಣಿನಲ್ಲಿ ಆಮ್ಲವಿದೆ. ಅದು ಆಕ್ಸೈಡ್ ಪದರವನ್ನು ಕರಗಿಸುತ್ತದೆ. ಒಳಗಿನ ಕೆಂಪು ತಾಮ್ರ ಮತ್ತೆ ಹೊಳೆಯುತ್ತದೆ.

ಹಾಗಾದರೆ ತಂತಿಗೂ ಹುಣಸೆಹಣ್ಣು ಹಚ್ಚಿ ಬೆಸುಗೆ ಹಾಕಬಹುದೇ? ಆಗದು. ಹುಣಸೆ ರಸದಲ್ಲಿರುವುದು ಬಹುಪಾಲು ನೀರು. ಅದು 100 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಬೆಸುಗೆ ಕರಗುವುದು 183 ಡಿಗ್ರಿಯ ನಂತರ. ಅಷ್ಟರಲ್ಲಿ ತಂತಿಯ ಮೇಲೆ ಹೊಸ ಆಕ್ಸೈಡ್ ಬಂದಿರುತ್ತದೆ. ಇನ್ನೊಂದು ತೊಂದರೆಯೂ ಇದೆ. ಉಳಿದ ಹುಳಿ ಅಲ್ಲೇ ಕುಳಿತು ಗಾಳಿಯ ತೇವ ಹೀರಿ, ತೆಳು ತಂತಿಯನ್ನು ದಿನದಿನವೂ ತಿನ್ನುತ್ತದೆ.

ನಮಗೆ ಬೇಕಾದದ್ದು ಎಂಥ ಆಮ್ಲ? ಬಿಸಿಯಾದಾಗ ಮಾತ್ರ ಕೆಲಸ ಮಾಡಬೇಕು. ತಣ್ಣಗಾದೊಡನೆ ಸುಮ್ಮನೆ ಕೂರಬೇಕು. ಅಂಥ ಆಮ್ಲ ಪೈನ್ ಮರದ ರಾಳದಲ್ಲಿದೆ!

ರಾಳದ ಗುಟ್ಟು

ಪೈನ್ ಮರದ ರಾಳದಲ್ಲಿ ಅಬಿಯೆಟಿಕ್ ಆಮ್ಲ ಮತ್ತು ಅದರ ಬಳಗದ ಆಮ್ಲಗಳು ಇವೆ. ತಣ್ಣಗಿದ್ದಾಗ ರಾಳ ಗಾಜಿನಂತೆ ಗಟ್ಟಿ. ಮುಟ್ಟಿದರೂ ತಾಮ್ರಕ್ಕೆ ಏನೂ ಆಗದು. ಸುಮಾರು 70ರಿಂದ 80 ಡಿಗ್ರಿಗೆ ಅದು ಮೆತ್ತಗಾಗತೊಡಗುತ್ತದೆ. ಇನ್ನೂ ಬಿಸಿಯಾದರೆ ನೀರಿನಂತೆ ಹರಿದು ತಂತಿಯನ್ನೆಲ್ಲ ಆವರಿಸುತ್ತದೆ. ಆಗ ಅದರೊಳಗಿನ ಆಮ್ಲ ಎಚ್ಚರಗೊಂಡು ತಾಮ್ರದ ಆಕ್ಸೈಡಿನೊಂದಿಗೆ ವರ್ತಿಸುತ್ತದೆ. ತಾಮ್ರದ ಅಬಿಯೆಟೇಟ್ ಮತ್ತು ನೀರು ಉಂಟಾಗುತ್ತವೆ. ಕೆಲವೊಮ್ಮೆ ಬೆಸುಗೆಯ ಸುತ್ತ ನಸು ಹಸಿರು ಬಣ್ಣ ಕಾಣುತ್ತದೆ. ಅದು ಈ ಅಬಿಯೆಟೇಟಿನದೇ.

ಹೀಗೆ ಬೆಸುಗೆಗೆ ಸಹಾಯ ಮಾಡುವ ವಸ್ತುವನ್ನು ‘ಫ್ಲಕ್ಸ್’ ಎನ್ನುತ್ತಾರೆ. ಜಾತ್ರೆಯಲ್ಲಿ ಕಟ್ಟುವ ಫ್ಲೆಕ್ಸ್ ಅಲ್ಲ, ಇದು ಫ್ಲಕ್ಸ್! ಇದರ ಕೆಲಸಗಳು ಮೂರು:

1. ಆಕ್ಸೈಡ್ ಪದರವನ್ನು ತೆಗೆಯುವುದು.
2. ಲೋಹದ ಮೇಲೆ ಹೊದಿಕೆಯಾಗಿ ನಿಂತು ಗಾಳಿಯನ್ನು ತಡೆಯುವುದು.
3. ಕರಗಿದ ಬೆಸುಗೆ ಚೆನ್ನಾಗಿ ಹರಡುವಂತೆ ಮಾಡುವುದು.

ಅಂಗಳ ಗುಡಿಸಿದ ಮೇಲೆಯೇ ರಂಗೋಲಿ ಹಾಕುತ್ತೇವೆ ಅಲ್ಲವೇ? ರಾಳ ಗುಡಿಸುತ್ತದೆ, ಬೆಸುಗೆ ರಂಗೋಲಿ ಹಾಕುತ್ತದೆ. ರಾಳ ಮೊದಲು ಕರಗುತ್ತದೆ, ಬೆಸುಗೆ ಆಮೇಲೆ ಕರಗುತ್ತದೆ. ಆದ್ದರಿಂದಲೇ ಈ ಜೋಡಿ ಹೊಂದುತ್ತದೆ.

ಬೇರೆ ಕೆಲಸಗಳಿಗೆ ಬೇರೆ ಫ್ಲಕ್ಸ್‌ಗಳಿವೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಕಾದ ಪಾತ್ರೆಯೊಳಗೆ ನವಸಾಗರದ ಪುಡಿ ಎರಚುತ್ತಾರೆ. ಬಿಳಿ ಹೊಗೆ ಏಳುತ್ತದೆ, ತವರ ಪಾತ್ರೆಯ ತುಂಬ ಹರಡುತ್ತದೆ. ಅಕ್ಕಸಾಲಿಗರು ಚಿನ್ನ ಬೆಳ್ಳಿಗಳ ಬೆಸುಗೆಗೆ ಬಿಳಿಗಾರ ಬಳಸುತ್ತಾರೆ. ಆದರೆ ನವಸಾಗರವನ್ನು ಬ್ಯಾಟರಿಯ ತಂತಿಗೆ ಹಚ್ಚಬಾರದು. ಪಾತ್ರೆಯನ್ನು ತೊಳೆಯಬಹುದು, ಬ್ಯಾಟರಿಯ ಒಳಗನ್ನು ತೊಳೆಯಲಾದೀತೇ? ಉಳಿದ ನವಸಾಗರ ತಂತಿಯನ್ನು ತಿಂದುಹಾಕುತ್ತದೆ.

ಅಂಟು ಬೇರೆ, ರಾಳ ಬೇರೆ

ಈಗ ಜಾಲಿಯ ಅಂಟಿಗೆ ಬರೋಣ. ಜಾಲಿ, ಬೇವು ಮುಂತಾದ ಮರಗಳ ತೊಗಟೆಗೆ ಗಾಯವಾದಾಗ ಹೊರಬರುವುದು ಅಂಟು. ಇದು ಸಕ್ಕರೆಯ ಬಳಗಕ್ಕೆ ಸೇರಿದ ದೊಡ್ಡ ಅಣುಗಳಿಂದ ಆದದ್ದು. ಸಕ್ಕರೆಯನ್ನು ಹೆಚ್ಚು ಕಾಯಿಸಿದರೆ ಕಪ್ಪಾಗುತ್ತದೆ ಅಲ್ಲವೇ? ಅಂಟು ಕೂಡ ಬಿಸಿಗೆ ಕರಗದೆ ಕರಿಯುತ್ತದೆ. ಕಾಗದ ಅಂಟಿಸಲು ಇದು ಒಳ್ಳೆಯದು, ಬೆಸುಗೆಗೆ ಬಾರದು.

ರಾಳದ ಬಗೆಯೇ ಬೇರೆ. ಅದು ಎಣ್ಣೆಯ ಸ್ವಭಾವದ್ದು. ನೀರಿನಲ್ಲಿ ಕರಗದು. ಬಿಸಿಗೆ ಕರಗುತ್ತದೆ, ಬೆಂಕಿಗೆ ಸುವಾಸನೆ ಬೀರುತ್ತ ಉರಿಯುತ್ತದೆ. ಗುಡಿಯಲ್ಲಿ ಹಾಕುವ ಧೂಪ, ದರ್ಗಾದಲ್ಲಿ ಹಾಕುವ ಲೋಬಾನ ಇವೆಲ್ಲ ರಾಳದ ಬಳಗದವೇ.

ಮಾಡಿ ನೋಡಿ – 1

ಎರಡು ಗಾಜಿನ ಲೋಟಗಳಲ್ಲಿ ಅರ್ಧದಷ್ಟು ನೀರು ತೆಗೆದುಕೊಳ್ಳಿ. ಒಂದರಲ್ಲಿ ಜಾಲಿಯ ಅಂಟಿನ ಚೂರು, ಇನ್ನೊಂದರಲ್ಲಿ ರಾಳದ ಚೂರು ಹಾಕಿ. ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೋಡಿದರೆ ಅಂಟು ಉಬ್ಬಿ ನೀರಿನಲ್ಲಿ ಕರಗಿರುತ್ತದೆ. ನೀರು ಬೆರಳಿಗೆ ಅಂಟುತ್ತದೆ. ರಾಳ ಹಾಕಿದ್ದು ಹಾಗೆಯೇ ಇರುತ್ತದೆ.

ಇನ್ನೆರಡು ಚಿಕ್ಕ ಶೀಸೆಗಳಲ್ಲಿ ನಿಮ್ಮ ಶಿಕ್ಷಕರು ನೀರಿನ ಬದಲು ಸ್ಪಿರಿಟ್ ಹಾಕಿ ಇದನ್ನೇ ಮಾಡಿ ತೋರಿಸಲಿ. ಫಲಿತಾಂಶ ತಿರುವುಮುರುವು! ರಾಳ ಕರಗುತ್ತದೆ, ಅಂಟು ಕರಗದೆ ಉಳಿಯುತ್ತದೆ. ಈ ಪರೀಕ್ಷೆಯಿಂದ ಹಲವು ಮರಗಳ ಸ್ರಾವ ಅಂಟೋ ರಾಳವೋ ಎಂದು ಗುರುತಿಸಬಹುದು. ನೀವು ಕಂಡದ್ದನ್ನು ಪುಸ್ತಕದಲ್ಲಿ ಕೋಷ್ಟಕ ಮಾಡಿ ಬರೆಯಿರಿ.

ರಾಳ ಎಲ್ಲಿಂದ ಬರುತ್ತದೆ?

ಪೈನ್ ಮರ ನಮ್ಮ ಎರೆ ಸೀಮೆಯ ಮರವಲ್ಲ. ಹಿಮಾಚಲ ಪ್ರದೇಶ, ಉತ್ತರಾಖಂಡಗಳ ಬೆಟ್ಟಗಳಲ್ಲಿ ಚೀರ್ ಪೈನ್ ಮರಗಳ ಕಾಡುಗಳಿವೆ. ಅಲ್ಲಿ ಮರದ ಕಾಂಡಕ್ಕೆ ಗಾಯ ಮಾಡಿ, ಕೆಳಗೆ ಬಟ್ಟಲು ಕಟ್ಟುತ್ತಾರೆ. ಜೇನಿನಂಥ ಹಸಿ ರಾಳ ಅದರಲ್ಲಿ ಇಳಿಯುತ್ತದೆ. ಮರಕ್ಕೆ ಇದು ಔಷಧಿ ಇದ್ದಂತೆ. ಗಾಯವನ್ನು ಮುಚ್ಚಿ, ಕೊರೆಯುವ ಹುಳುಗಳನ್ನು ತಡೆಯಲು ಮರ ರಾಳ ಸುರಿಸುತ್ತದೆ.

ಕಾರ್ಖಾನೆಯಲ್ಲಿ ಹಸಿ ರಾಳವನ್ನು ಬಟ್ಟಿ ಇಳಿಸುತ್ತಾರೆ. ಬೇಗ ಆವಿಯಾಗುವ ಭಾಗ ತಣಿದು ಟರ್ಪೆಂಟೈನ್ ಎಣ್ಣೆಯಾಗುತ್ತದೆ. ಬಣ್ಣ ತೆಳ್ಳಗೆ ಮಾಡಲು ಇದನ್ನು ಬಳಸಬಹುದು. ಕೆಳಗೆ ಉಳಿಯುವ ಗಟ್ಟಿ ಭಾಗವೇ ಬೆಸುಗೆಯ ರಾಳ. ಅಂಗಡಿಗಳಲ್ಲಿ ಇದಕ್ಕೆ ರೋಜಿನ್ ಎನ್ನುತ್ತಾರೆ. ಪಿಟೀಲು, ಸಾರಂಗಿ ಬಾರಿಸುವವರು ಕಮಾನಿಗೆ ಉಜ್ಜಿಕೊಳ್ಳುವುದೂ ಇದೇ ರೋಜಿನ್. ಧಾರವಾಡದ ಸಂಗೀತಗಾರರ ಮನೆಯಲ್ಲೂ ರೇಡಿಯೊ ಅಂಗಡಿಯಲ್ಲೂ ಒಂದೇ ವಸ್ತು!

ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ರಾಳ ಕೊಡುವ ಧೂಪದ ಮರಗಳಿವೆ. ಆದರೆ ಅವುಗಳ ರಾಳದಲ್ಲಿ ಆಮ್ಲದ ಅಂಶ ಪೈನ್ ರಾಳಕ್ಕಿಂತ ಬಹಳ ಕಡಿಮೆ. ಹೀಗಾಗಿ ಬೆಸುಗೆಗೆ ಅವು ಅಷ್ಟು ಒದಗುವುದಿಲ್ಲ. ಬಿಳಿಧೂಪದ ಮರವಂತೂ ಅಪಾಯದಂಚಿನಲ್ಲಿರುವ ಮರಗಳ ಪಟ್ಟಿಯಲ್ಲಿದೆ. ಪ್ರಯೋಗಕ್ಕೆಂದು ಯಾವ ಮರಕ್ಕೂ ಕೊಡಲಿ ಹಾಕಬೇಡಿ. ತಾನಾಗಿ ಸುರಿದು ಒಣಗಿದ್ದನ್ನು ಮಾತ್ರ ಆರಿಸಿಕೊಳ್ಳಿ.

ನಿಮಗೆ ಗೊತ್ತೇ?

● ರೋಜಿನ್‌ಗೆ ಕೊಲೊಫೋನಿ ಎಂಬ ಹೆಸರೂ ಇದೆ. ಈಗಿನ ಟರ್ಕಿ ದೇಶದಲ್ಲಿದ್ದ ಕೊಲೊಫೋನ್ ಎಂಬ ಪ್ರಾಚೀನ ಗ್ರೀಕ್ ಪಟ್ಟಣದಿಂದ ಈ ಹೆಸರು ಬಂದಿದೆ.
● ಲಕ್ಷಾಂತರ ವರ್ಷ ಮಣ್ಣಿನಲ್ಲಿ ಹೂತು ಕಲ್ಲಿನಂತಾದ ರಾಳಕ್ಕೆ ಅಂಬರ್ ಎನ್ನುತ್ತಾರೆ. ಅದರೊಳಗೆ ಸಿಕ್ಕಿಬಿದ್ದ ಪ್ರಾಚೀನ ಕೀಟಗಳು ಇಂದಿಗೂ ಹಾಗೆಯೇ ಕಾಣುತ್ತವೆ.

ಫ್ಲಕ್ಸ್ ತಯಾರಿಸೋಣ

ಇದನ್ನು ಶಿಕ್ಷಕರ ಎದುರಿನಲ್ಲಿಯೇ ಮಾಡಬೇಕು. ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ, ಕುಡಿದರೆ ವಿಷ. ಅದನ್ನು ಶಿಕ್ಷಕರೇ ಸುರಿಯಲಿ. ಹತ್ತಿರ ಒಲೆ, ದೀಪ, ಊದುಬತ್ತಿ ಯಾವುದೂ ಇರಬಾರದು.

ಬೇಕಾಗುವ ವಸ್ತುಗಳು: ಪೈನ್ ರಾಳ ಅಥವಾ ರೋಜಿನ್ 10 ಗ್ರಾಂ, ಐಸೊಪ್ರೊಪೈಲ್ ಆಲ್ಕೋಹಾಲ್ (ನೀರು ಬೆರೆಯದ ಸ್ಪಿರಿಟ್) 40 ಮಿಲಿಲೀಟರ್, ಬಿಗಿ ಮುಚ್ಚಳದ ಗಾಜಿನ ಶೀಸೆ ಎರಡು, ತೆಳು ಹತ್ತಿ ಬಟ್ಟೆ, ಚಿಕ್ಕ ಕುಂಚ.

ವಿಧಾನ:

1. ರಾಳವನ್ನು ಕಾಗದದಲ್ಲಿ ಸುತ್ತಿ ಕಲ್ಲಿನಿಂದ ಮೆಲ್ಲಗೆ ಜಜ್ಜಿ ಪುಡಿ ಮಾಡಿ. ಪುಡಿ ಕಣ್ಣು ಮೂಗಿಗೆ ಹಾರದಂತೆ ನೋಡಿಕೊಳ್ಳಿ.
2. ಪುಡಿಯನ್ನು ಶೀಸೆಗೆ ಹಾಕಿ. ಶಿಕ್ಷಕರು ಸ್ಪಿರಿಟ್ ಸುರಿದು ಮುಚ್ಚಳ ಬಿಗಿಯಲಿ.
3. ಆಗಾಗ ಅಲ್ಲಾಡಿಸಿ, ಒಂದು ರಾತ್ರಿ ಬಿಡಿ. ಕಾಯಿಸುವ ಅಗತ್ಯವಿಲ್ಲ, ಕಾಯಿಸಲೂಬಾರದು.
4. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ. ತೊಗಟೆಯ ಚೂರು, ಮಣ್ಣು, ಹುಳು ಎಲ್ಲ ಬಟ್ಟೆಯ ಮೇಲೆ ಉಳಿಯುತ್ತವೆ. ಚಹಾದ ಡಿಕಾಕ್ಷನ್ ಬಣ್ಣದ ತಿಳಿ ದ್ರವ ಸಿಗುತ್ತದೆ. ಇದೇ ನಿಮ್ಮ ಫ್ಲಕ್ಸ್!
5. ಶೀಸೆಯ ಮೇಲೆ “ರಾಳದ ಫ್ಲಕ್ಸ್ – ಬೆಂಕಿಯಿಂದ ದೂರವಿಡಿ, ಕುಡಿಯಬೇಡಿ” ಎಂದು ಚೀಟಿ ಅಂಟಿಸಿ. ಚೀಟಿ ಇಲ್ಲದ ಶೀಸೆಯನ್ನು ಯಾರೂ ಇಡಬಾರದು.

ಒಂದು ತಮಾಷೆ ನೋಡಿ. ಈ ಫ್ಲಕ್ಸಿನ ಎರಡು ಹನಿಯನ್ನು ಒಂದು ಲೋಟ ನೀರಿಗೆ ಹಾಕಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ! ಸ್ಪಿರಿಟ್ ನೀರಿನಲ್ಲಿ ಬೆರೆತುಹೋಗುತ್ತದೆ. ನೀರಿನಲ್ಲಿ ಕರಗದ ರಾಳ ಅತಿ ಸಣ್ಣ ಕಣಗಳಾಗಿ ಹೊರಬರುತ್ತದೆ. ಅಂಟಿನಿಂದ ಈ ಹಾಲು ಬರುವುದಿಲ್ಲ.

ಮಾಡಿ ನೋಡಿ – 2 (ಶಿಕ್ಷಕರು ಮಾಡಿ ತೋರಿಸುವ ಪ್ರಯೋಗ)

ಪ್ಲಾಸ್ಟಿಕ್ ಹೊದಿಕೆ ತೆಗೆದ, ಒಂದೇ ಬಗೆಯ ಎರಡು ತಾಮ್ರದ ತಂತಿಗಳನ್ನು ತೆಗೆದುಕೊಳ್ಳಿ. ಎರಡೂ ಹಳೆಯವಾಗಿ ಮಾಸಿರಲಿ. ಒಂದಕ್ಕೆ ಫ್ಲಕ್ಸ್ ಹಚ್ಚಿ, ಸ್ಪಿರಿಟ್ ಪೂರ್ತಿ ಆರಲು ಬಿಡಿ. ಶೀಸೆಯ ಮುಚ್ಚಳ ಬಿಗಿದು ದೂರ ಇಡಿ. ಇನ್ನೊಂದಕ್ಕೆ ಏನೂ ಹಚ್ಚಬೇಡಿ. ಒಳಗೆ ಫ್ಲಕ್ಸ್ ಇಲ್ಲದ ಬೆಸುಗೆ ತಂತಿಯಿಂದ ಎರಡಕ್ಕೂ ಬೆಸುಗೆ ಹಾಕಿ ನೋಡಿ. ಅಂಗಡಿಯಲ್ಲಿ ಸಿಗುವ ಹಲವು ಬೆಸುಗೆ ತಂತಿಗಳ ನಡುವೆ ರಾಳ ತುಂಬಿರುತ್ತದೆ. ಅದು ಈ ಪ್ರಯೋಗಕ್ಕೆ ಬೇಡ.

ಫ್ಲಕ್ಸ್ ಇಲ್ಲದ ತಂತಿಯ ಮೇಲೆ ಹನಿ ಗುಂಡಗಾಗಿ ಉರುಳುತ್ತದೆ. ಫ್ಲಕ್ಸ್ ಹಚ್ಚಿದ ತಂತಿಯ ಮೇಲೆ ಹನಿ ಹರಡಿ ಎಳೆಗಳ ನಡುವೆಯೂ ಇಳಿಯುತ್ತದೆ. ತಣ್ಣಗಾದ ಮೇಲೆ ಎರಡನ್ನೂ ಎಳೆದು ನೋಡಿ. ಯಾವುದು ಗಟ್ಟಿ?

ಎಚ್ಚರಿಕೆಯ ಮಾತು

● ಸೋಲ್ಡರಿಂಗ್ ಐರನ್ 300 ಡಿಗ್ರಿಗೂ ಹೆಚ್ಚು ಬಿಸಿಯಾಗಬಹುದು. ದೊಡ್ಡವರಿಲ್ಲದಾಗ ಮುಟ್ಟಬೇಡಿ. ಗೋಡೆಯ ಸ್ವಿಚ್ಚು, ಪ್ಲಗ್ಗುಗಳಿಗೆ ಸೇರಿದ ತಂತಿಗಳ ಗೊಡವೆಗೆ ಹೋಗಲೇಬೇಡಿ. ಬ್ಯಾಟರಿಯ ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಬಾರದು, ಬಿಸಿಗೆ ಸಿಡಿಯಬಹುದು.

● ಸೀಸ ವಿಷ. ಅದು ದೇಹಕ್ಕೆ ಸೇರಿದರೆ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ. ಬೆಸುಗೆ ತಂತಿಯನ್ನು ಹಲ್ಲಿನಲ್ಲಿ ಕಚ್ಚಬೇಡಿ. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಇದೇ ಕಾರಣಕ್ಕೆ ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ ಹೆಚ್ಚಿನ ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಸೀಸದ ಬಳಕೆಗೆ ಮಿತಿ ಹಾಕಿತು. ಸೀಸವಿಲ್ಲದ ಬೆಸುಗೆಯೂ ಸಿಗುತ್ತದೆ. ತವರಕ್ಕೆ ತುಸು ತಾಮ್ರ ಬೆರೆಸಿದ ಅಂಥ ಬೆಸುಗೆ 227 ಡಿಗ್ರಿಗೆ ಕರಗುತ್ತದೆ. ಶಾಲೆಯ ಪ್ರಯೋಗಕ್ಕೆ ಅದನ್ನೇ ತರಿಸಿದರೆ ಒಳ್ಳೆಯದು.

● ಬೆಸುಗೆ ಹಾಕುವಾಗ ಏಳುವ ಹೊಗೆ ಸೀಸದ್ದು ಎಂದು ಹಲವರು ತಿಳಿದಿದ್ದಾರೆ. ಅಷ್ಟು ಶಾಖಕ್ಕೆ ಸೀಸ ಆವಿಯಾಗುವುದಿಲ್ಲ ಎನ್ನುವಷ್ಟು ಕಡಿಮೆ. ಕಾಣುವ ಹೊಗೆ ರಾಳದ್ದು. “ಮರದ್ದು ತಾನೆ, ಏನೂ ಆಗದು” ಎನ್ನಬೇಡಿ. ದಿನವೂ ಈ ಹೊಗೆ ಕುಡಿಯುವ ಕೆಲಸಗಾರರಿಗೆ ಕೆಮ್ಮು, ಉಬ್ಬಸ ಬರುವುದುಂಟು. ಒಮ್ಮೆ ಉಬ್ಬಸ ಅಂಟಿಕೊಂಡರೆ ಆಮೇಲೆ ತುಸು ಹೊಗೆಯೂ ತಡೆಯದು. ಕಿಟಕಿ ಬಾಗಿಲು ತೆರೆದಿರಲಿ, ಮುಖ ಹೊಗೆಯ ಮೇಲೆ ಬಗ್ಗಿರದಿರಲಿ.

ಈಗ ಮತ್ತೆ ಅಂಗಡಿಗೆ

ಶಾಲೆಯಲ್ಲಿ ಫ್ಲಕ್ಸ್ ಮಾಡಿದ ಮೇಲೆ ಆ ಹುಡುಗಿ ಚೀಟಿ ಅಂಟಿಸಿದ ಒಂದು ಚಿಕ್ಕ ಶೀಸೆಯನ್ನು ಶಿಕ್ಷಕರೊಂದಿಗೆ ಅಂಗಡಿಗೆ ಒಯ್ದಳು. ಅಂಗಡಿಯವರು ಹಚ್ಚಿ ನೋಡಿದರು. ಬೆಸುಗೆ ಚೆನ್ನಾಗಿ ಹತ್ತಿತು.

“ಕಾಕಾ, ಆ ಹೊಗಿ ಸೀಸದ್ದಲ್ರಿ, ರಾಳದ್ದು. ನಿಮ್ಮ ಕೆಮ್ಮಿಗೆ ಅದೂ ಕಾರಣ ಇರಬಹುದ್ರಿ. ಒಮ್ಮೆ ಡಾಕ್ಟರಿಗೆ ತೋರಸ್ರಿ” ಎಂದಳು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು, ಮೂಲೆಯಲ್ಲಿದ್ದ ಮೇಜನ್ನು ಬಾಗಿಲ ಹತ್ತಿರ ಎಳೆದರು. ಹೊಗೆ ಹೊರಗೆ ಹೋಗುವಂತೆ ಫ್ಯಾನನ್ನು ತಿರುಗಿಸಿಟ್ಟರು.

ಅಪ್ಪನ ಬ್ಯಾಟರಿ ಆ ಹಂಗಾಮಿನಲ್ಲಿ ಮತ್ತೆ ಆರಲಿಲ್ಲ.

ಯೋಚಿಸಿ ಉತ್ತರಿಸಿ

1. ಹುಣಸೆಹಣ್ಣು ಮತ್ತು ರಾಳ ಮಾಡುವ ಕೆಲಸದಲ್ಲಿ ಯಾವ ಸಾಮ್ಯವಿದೆ? ಯಾವ ವ್ಯತ್ಯಾಸವಿದೆ?
2. ಬೆಸುಗೆ ಕರಗಿದ ನಂತರ ಕರಗುವ ವಸ್ತುವೊಂದು ಫ್ಲಕ್ಸ್ ಆಗಬಲ್ಲದೇ? ಏಕೆ?
3. ನಿಮ್ಮ ಊರಿನ ಐದು ಮರಗಳಿಂದ ತಾನಾಗಿ ಸುರಿದ ಸ್ರಾವವನ್ನು ಸಂಗ್ರಹಿಸಿ, ನೀರಿನಲ್ಲಿ ನೆನೆಹಾಕಿ. ಯಾವುದು ಅಂಟು, ಯಾವುದು ರಾಳ? ಪಟ್ಟಿ ಮಾಡಿ ತರಗತಿಯ ಗೋಡೆಗೆ ಹಚ್ಚಿ.
4. ಕಲಾಯಿ ಹಾಕುವವರು ನಿಮ್ಮ ಊರಿಗೆ ಬಂದಾಗ ದೂರ ನಿಂತು ನೋಡಿ. ತವರ ಹಾಕುವ ಮೊದಲು ಅವರು ಏನೇನು ಮಾಡುತ್ತಾರೆ? ಕಾರಣಗಳೊಂದಿಗೆ ಬರೆಯಿರಿ.